ಲಸಿಕೆಯ ವಾದವೂ ಹೊಗೆಸೊಪ್ಪಿನ ಮೌನವೂ

2025ರ ಜೂನ್ ಮಾಸದಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ವಾರ್ತೆಗಳು ಒಂದರ ಹಿಂದೊಂದು ಬರತೊಡಗಿ, ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಮಿಕ್ಕ ಜೀವಗಳು, ಅವುಗಳಲ್ಲಿ ಎಷ್ಟೋ ತರುಣರವು, ಹೋದುವೆಂದು ತಿಳಿದಾಗ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೋವಿಡ್ ಲಸಿಕೆಗೆ ಆತುರದಿಂದ ಅನುಮತಿಯಿತ್ತದ್ದೂ ಕಾರಣವಾಗಿರಬಹುದೆಂದು ನುಡಿದರು. ಶೋಕತಪ್ತರು ಕಾರಣವನ್ನು ಅರಸುವುದು ಸಹಜ. ಅಧಿಕಾರಪೀಠದಿಂದ ಅಂಥ ಮಾತು ಹೊರಟದ್ದು ಮಾತ್ರ ಸರ್ವಥಾ ಅನುಚಿತ. ಸರ್ಕಾರವೇ ನೇಮಿಸಿದ, ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ. ಎಸ್. ರವೀಂದ್ರನಾಥರ ಅಧ್ಯಕ್ಷತೆಯ ಸಮಿತಿ, ಲಸಿಕೆಗೂ ಅಕಾಲ ಹೃದ್ರೋಗಕ್ಕೂ ಸಂಬಂಧ ಕಾಣಲಿಲ್ಲವೆಂದು ಜುಲೈನಲ್ಲೇ ವರದಿಯಿತ್ತಿತು. ಆ ವೇಳೆಗೆ ಭೀತಿ ಹಬ್ಬಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದ್ದಾಗಿತ್ತು.

ಆ ಸಾಲಿನಲ್ಲಿ ನಿಂತು, ಇಸಿಜಿ ನೆಟ್ಟಗಿದೆಯೆಂದು ನೆಮ್ಮದಿಯಿಂದ ಮನೆಗೆ ಮರಳಿದ ತರುಣನಿಗೆ ಯಾರಾದರೂ ಹೇಳಬೇಕಾಗಿತ್ತು: ಆ ಕಾಗದವು ಆ ಗಳಿಗೆಯ ಹೃದಯವನ್ನು ತೋರುವುದೇ ಹೊರತು, ರಕ್ತನಾಳದ ಒಳಗೋಡೆಯಲ್ಲಿ ವರ್ಷಾನುವರ್ಷ ಸಂಚಯವಾಗುವ ಕೊಬ್ಬನ್ನಲ್ಲ. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವೈದ್ಯರು, ಸರಾಸರಿ ಇಪ್ಪತ್ತೆರಡರ ಆ ಹುಡುಗರಲ್ಲಿ ಮುಕ್ಕಾಲು ಪಾಲು ಮಂದಿಯ ನಾಳಗಳಲ್ಲಿ ರೋಗದ ಕುರುಹನ್ನು ಕಂಡು 1953ರಲ್ಲೇ ಲೋಕಕ್ಕೆ ತಿಳಿಸಿದರು. ನಲವತ್ತರ ಆಘಾತ ಇಪ್ಪತ್ತರಲ್ಲೇ ಬೀಜರೂಪದಲ್ಲಿರುತ್ತದೆ. ಅದರ ಸೂಚಕಗಳಲ್ಲಿ ಕೆಲವು ನಮ್ಮ ನಡತೆಗೆ ಮಣಿಯುತ್ತವೆ: ರಕ್ತದೊತ್ತಡ, ಸಕ್ಕರೆ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್, ಸೊಂಟದ ಸುತ್ತಳತೆ. ಲೈಪೋಪ್ರೋಟೀನ್-ಎ ಎಂಬ ರಕ್ತದ ಕೊಬ್ಬಿನ ಕಣವಾದರೋ ಬಹುಪಾಲು ತಂದೆತಾಯಿಗಳಿಂದ ಬಂದದ್ದು. ಪಥ್ಯಕ್ಕೂ ವ್ಯಾಯಾಮಕ್ಕೂ ಅಷ್ಟಾಗಿ ಜಗ್ಗದು. ಸಾಮಾನ್ಯವಾಗಿ ಜೀವಮಾನದಲ್ಲಿ ಒಮ್ಮೆ ಅಳೆದರೆ ಸಾಕು. ಅದು ಅಧಿಕವಾಗಿರುವವನು ಬೀಡಿಯನ್ನೂ ಸೇದಿದರೆ ಆಪತ್ತು ಇಮ್ಮಡಿ: ಹೊಗೆಯು ನಾಳದ ಒಳಪೊರೆಯನ್ನು ಕೆಡಿಸಿ, ರಕ್ತವನ್ನು ಬೇಗ ಹೆಪ್ಪುಗಟ್ಟಿಸಿ, ಒಳ್ಳೆಯ ಕೊಲೆಸ್ಟರಾಲನ್ನು ತಗ್ಗಿಸುತ್ತದೆ.

ಹೊಗೆಯ ಮಾತು ಬಂದಮೇಲೆ ನಮ್ಮ ಸೀಮೆ ಮೌನವಾಗಿರಲಾರದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರಗಳ ಕೆಂಪುಮಣ್ಣಿನಲ್ಲಿ ವರ್ಜೀನಿಯಾ ಹೊಗೆಸೊಪ್ಪನ್ನು ಬೆಳೆದು, ಬ್ಯಾರನ್ನುಗಳಲ್ಲಿ ಸೌದೆಯುರಿಸಿ ಹದಮಾಡಿ, ಸಾಲ ತೀರಿಸಿ, ಮಕ್ಕಳನ್ನು ಓದಿಸಿದ ರೈತನನ್ನು ನಾನು ದೂಷಿಸೆನು. ಹಸಿ ಎಲೆಯ ನಿಕೋಟಿನ್ ಅವನ ಚರ್ಮದ ಮೂಲಕವೇ ಮೈಗಿಳಿದು ವಾಕರಿಕೆ, ತಲೆಸುತ್ತು ತರುವುದುಂಟು, ಅವನೂ ನೊಂದವನೇ. ದೂಷಣೆಗೆ ಪಾತ್ರವಾಗಬೇಕಾದುದು ರಾಜ್ಯವ್ಯವಸ್ಥೆ. 2004ರಲ್ಲಿ ಭಾರತವು ಸಮ್ಮತಿಸಿದ ಅಂತರರಾಷ್ಟ್ರೀಯ ತಂಬಾಕು ನಿಯಂತ್ರಣ ಒಪ್ಪಂದದ ಹದಿನೇಳನೆಯ ವಿಧಿ ಬೆಳೆಗಾರನಿಗೆ ಪರ್ಯಾಯ ಜೀವನೋಪಾಯಕ್ಕೆ ಬೆಂಬಲ ನೀಡಬೇಕೆನ್ನುತ್ತದೆ. ಆ ಬೆಂಬಲ ಬೇರೆ ಬೆಳೆಗೆ ಹೊರಳಲು ಧೈರ್ಯ ಬರುವಷ್ಟು ಅವನ ಹೊಲಕ್ಕೆ ಇನ್ನೂ ತಲುಪಿಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ, ಪುನೀತ್ ರಾಜ್‌ಕುಮಾರರ ಹೆಸರಿನ ಹೃದಯಜ್ಯೋತಿ ಯೋಜನೆ ಶ್ಲಾಘ್ಯವೇ. ಅದು ಎದೆನೋವು ಬಂದ ಮೇಲಿನ ಉಪಕಾರ. ಅದಕ್ಕೆ ಮುನ್ನ, ಇಪ್ಪತ್ತು ತುಂಬಿದ ಪ್ರತಿಯೊಬ್ಬ ತರುಣನ ಒತ್ತಡ, ಸಕ್ಕರೆ, ಕೊಬ್ಬುಗಳನ್ನೂ, ಒಂದು ಬಾರಿ ಲೈಪೋಪ್ರೋಟೀನ್-ಎಯನ್ನೂ ಸರ್ಕಾರ ತನ್ನ ವೆಚ್ಚದಲ್ಲಿ ಅಳೆಯಬೇಕೆಂಬುದು ನನ್ನ ಆಗ್ರಹ. ಹಣವೆಲ್ಲಿಯದೆಂದು ಕೇಳುವವರು ಸಿಗರೇಟಿನ ತೆರಿಗೆಯ ಲೆಕ್ಕವನ್ನು ತೆರೆದು ನೋಡಲಿ. ತರುಣರನ್ನು ಎಲ್ಲಿ ಹುಡುಕುವುದೆಂದರೆ, ಅದಕ್ಕೂ ದಾರಿಯುಂಟು: ತಂಬಾಕು ಮಂಡಳಿಯಲ್ಲಿ ಪ್ರತಿ ಬ್ಯಾರನ್ನಿಗೂ ಪರವಾನಗಿಯುಂಟು, ಹೊಗೆಸೊಪ್ಪಿನ ಪ್ರತಿ ಬೇಲ್‌ಗೂ ತೂಕವುಂಟು. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ಹೊಗೆಸೊಪ್ಪು ಹರಾಜು ಕೇಂದ್ರಕ್ಕೆ ರೈತರು ತಮ್ಮ ಪ್ರಾಯದ ಮಕ್ಕಳೊಡನೆ ಬಂದೇ ಬರುತ್ತಾರೆ. ಮುಂದಿನ ಹರಾಜು ಆರಂಭವಾಗುವ ದಿನವೇ ಆರೋಗ್ಯ ಇಲಾಖೆಯವರು ಅಲ್ಲಿ ಮೇಜು ಹಾಕಿಕೊಂಡು ಕೂರಲಿ.