ಯಾರನ್ನು ಕೇಳಿ ತೆಗೆದಿರಿ?

ಮೊನ್ನೆ ಚಾರ್ಜರ್ ಕೊಳ್ಳಲೆಂದು ಪೇಟೆಯ ಮೊಬೈಲ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹುಡುಗ ಮಾತುಗಾರ. ಚಾರ್ಜರ್ ಕೊಡುವ ಮೊದಲು ರಿಂಗ್ ಲೈಟ್ ತೋರಿಸಿದ, ಕೈ ನಡುಗಿದರೂ ವಿಡಿಯೋ ನಡುಗದಂತೆ ಹಿಡಿಯುವ ಗಿಂಬಲ್ ತೋರಿಸಿದ, ಕಾಲರಿಗೆ ಸಿಕ್ಕಿಸುವ ಪುಟ್ಟ ಮೈಕ್ ತೋರಿಸಿದ. 'ಇವೆಲ್ಲ ನನಗೇಕಪ್ಪಾ?' ಎಂದರೆ, 'ಈಗ ಎಲ್ಲರೂ ರೀಲ್ಸ್ ಮಾಡ್ತಾರೆ ಮೇಡಂ' ಎಂದ. ಕೊನೆಗೆ ತನ್ನ ಫೋನಿನಲ್ಲಿ ಒಂದು ಕನ್ನಡಕದ ಜಾಹೀರಾತು ತೆಗೆದು, 'ಇದು ಹಾಕ್ಕೊಂಡ್ರೆ ಫೋನ್ ಎತ್ತೋ ತಾಪತ್ರಯವೇ ಇಲ್ಲ. ಸುಮ್ಮನೆ ನೋಡ್ತಾ ನಿಂತ್ರೆ ಸಾಕು, ರೆಕಾರ್ಡ್ ಆಗುತ್ತೆ. ಎದುರಿಗಿರೋರಿಗೆ ಗೊತ್ತೇ ಆಗಲ್ಲ' ಎಂದ.

ಎದುರಿಗಿರುವವರಿಗೆ ಗೊತ್ತಾಗುವುದಿಲ್ಲ! ಇದನ್ನು ಆ ಹುಡುಗ ವಸ್ತುವಿನ ದೋಷವೆಂದಲ್ಲ, ಗುಣವೆಂದು ಹೇಳಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕಮಿಷನ್ನಿಗೆ ದುಡಿಯುವ ಹುಡುಗ ಅವನು. ಆದರೆ ಇಂಥದೊಂದು ಮಾತು ಮಾರಾಟದ ಮಾತಾಗುವ ಹಂತಕ್ಕೆ ನಾವು ಹೇಗೆ ಬಂದೆವು ಎಂಬುದನ್ನು ಕೇಳಲೇಬೇಕಾಗಿದೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್‌ಗಳ ಒಡೆತನದ ಮೆಟಾ ಕಂಪೆನಿ ರೇಬ್ಯಾನ್ ಜೊತೆ ಸೇರಿ ಮಾಡಿದ ಈ ಕನ್ನಡಕ ಭಾರತದ ಮಾರುಕಟ್ಟೆಗೆ 2025ರ ಮೇ ತಿಂಗಳಲ್ಲಿ ಬಂತು. ಆಗ ಅದರ ಆರಂಭಿಕ ಬೆಲೆ 29,900 ರೂಪಾಯಿ. ನೋಡಲು ಸಾಮಾನ್ಯ ಕನ್ನಡಕ. ರೆಕಾರ್ಡ್ ಆಗುವಾಗ ಚೌಕಟ್ಟಿನ ಮೂಲೆಯಲ್ಲಿ ಒಂದು ಸಣ್ಣ ದೀಪ ಉರಿಯುತ್ತದೆ, ಎದುರಿನವರಿಗೆ ಅದೇ ಸೂಚನೆ ಎಂದು ಕಂಪೆನಿ ಹೇಳುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ, ಬಸ್ ನಿಲ್ದಾಣದ ಗದ್ದಲದಲ್ಲಿ ಯಾರು ಯಾರ ಕನ್ನಡಕದ ಮೂಲೆಯನ್ನು ನೋಡುತ್ತಾ ಕೂರುತ್ತಾರೆ? ಸಾಲದ್ದಕ್ಕೆ, ಅಮೆರಿಕದಲ್ಲಿ 60 ಡಾಲರ್ ಪಡೆದು ಆ ದೀಪ ಉರಿಯದಂತೆ ಮಾಡಿಕೊಡುವವನಿದ್ದಾನೆಂದು 2025ರ ಅಕ್ಟೋಬರಿನಲ್ಲಿ ವರದಿಯಾಯಿತು. ಅದಕ್ಕೂ ಮೊದಲು, 2024ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಇದೇ ಕನ್ನಡಕವನ್ನು ಅಂತರ್ಜಾಲದಲ್ಲಿ ಮುಖ ಹುಡುಕಿಕೊಡುವ ಸೇವೆಯೊಂದಕ್ಕೆ ಜೋಡಿಸಿ, ದಾರಿಯಲ್ಲಿ ಸಿಕ್ಕ ಅಪರಿಚಿತರ ಹೆಸರು, ವಿಳಾಸಗಳನ್ನು ಕ್ಷಣಗಳಲ್ಲಿ ತೆಗೆದು ತೋರಿಸಿದ್ದರು. ಜನರನ್ನು ಎಚ್ಚರಿಸಲು ಮಾಡಿದ ಪ್ರಯೋಗ ಅದು. ಎಚ್ಚರಿಸುವ ಉದ್ದೇಶವಿಲ್ಲದವರಿಗೂ ಅದೇ ದಾರಿ ತೆರೆದಿದೆಯಲ್ಲ?

ಇಂಥ ಕನ್ನಡಕ ಜಗತ್ತಿಗೆ ಹೊಸದೇನೂ ಅಲ್ಲ. 2013ರಲ್ಲಿ ಗೂಗಲ್ ಕಂಪೆನಿ 1,500 ಡಾಲರಿನ 'ಗ್ಲಾಸ್' ತಂದಾಗ ಅಮೆರಿಕದ ಜನರೇ ಅದನ್ನು ಸಹಿಸಲಿಲ್ಲ. ಅದನ್ನು ಧರಿಸಿದವರಿಗೆ ಪ್ರವೇಶವಿಲ್ಲವೆಂದು ಸಿಯಾಟಲ್ ನಗರದ ಬಾರೊಂದು ಸಾರಿತು. 2015ರ ಜನವರಿಯಲ್ಲಿ ಕಂಪೆನಿ ಅದರ ಮಾರಾಟ ನಿಲ್ಲಿಸಿತು. ಅಂದು ಸಿಡಿದ ಜನ ಇಂದು ತಣ್ಣಗಿದ್ದಾರೆ. ಕನ್ನಡಕ ಸಭ್ಯವಾಗಿದೆ ಎಂದಲ್ಲ, ನಾವು ಪಳಗಿದ್ದೇವೆ. ನಮ್ಮಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್‌ನೆಟ್ಟು ನೀರಿನಂತೆ ಹರಿಯಿತು, 2017ರಲ್ಲಿ ವಾಟ್ಸಾಪಿಗೆ ಫೋಟೋ, ವಿಡಿಯೋಗಳ ಸ್ಟೇಟಸ್ ಬಂತು, 2020ರಲ್ಲಿ ಟಿಕ್‌ಟಾಕ್ ನಿಷೇಧವಾದ ಬೆನ್ನಿಗೇ ರೀಲ್ಸ್ ಬಂತು. ಉಂಡದ್ದು, ಉಟ್ಟದ್ದು, ಆಸ್ಪತ್ರೆಯಲ್ಲಿ ಮಲಗಿದ್ದು, ಕಡೆಗೆ ಜನಾಝಾ ಕೂಡ ಸ್ಟೇಟಸ್ ಆಯಿತು. ಇಷ್ಟೆಲ್ಲ ಅಭ್ಯಾಸವಾದ ಮೇಲೆ ಕನ್ನಡಕದ ಕ್ಯಾಮೆರಾ ನಮಗೆ ಯಾವ ಲೆಕ್ಕ!

'ಅನುಕೂಲ' ಎಂಬ ಪದವನ್ನು ಈ ವ್ಯಾಪಾರಿಗಳು ಬಹಳ ಬಳಸುತ್ತಾರೆ. ಯಾರಿಗೆ ಅನುಕೂಲ? ತೆಗೆಯುವವನಿಗೆ. ತೆಗೆಸಿಕೊಂಡವರ ಮಾತು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಕಳೆದ ವರ್ಷ ನಮ್ಮ ಸಂಬಂಧಿಕರ ಮನೆಯ ಮದುವೆ. ಶಾದಿ ಮಹಲಿನ ಹೆಂಗಸರ ಭಾಗಕ್ಕೆ ಗಂಡಸರು ಬರುವಂತಿರಲಿಲ್ಲ, ವಿಡಿಯೋ ತೆಗೆಯಲು ಕೂಡ ಒಬ್ಬ ಮಹಿಳೆಯನ್ನೇ ಗೊತ್ತು ಮಾಡಿದ್ದರು. ಹೆಂಗಸರು ಬುರ್ಖಾ ತೆಗೆದಿಟ್ಟು ಹಾಯಾಗಿ ಹಾಡಿ ನಕ್ಕು ಕಾಲ ಕಳೆದರು. ನನ್ನ ಅಕ್ಕನ ಮಗಳು, ಡಿಗ್ರಿ ಓದುವ ಹುಡುಗಿ, ವಧುವಿನ ಗೆಳತಿಯರ ಜೊತೆ ನಾಲ್ಕು ಹೆಜ್ಜೆ ಕುಣಿದಳು. ರಾತ್ರಿಯ ಊಟ ಮುಗಿಯುವಷ್ಟರಲ್ಲಿ ಅದು ಸಿನಿಮಾ ಹಾಡಿನೊಂದಿಗೆ ರೀಲ್ ಆಗಿ, ಯಾರದೋ ಸ್ಟೇಟಸ್ಸಿನಿಂದ ಯಾರದೋ ಗ್ರೂಪಿಗೆ ಹಾರಿ, ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಗಂಡಸರ ಫೋನುಗಳಿಗೆ ತಲುಪಿಯಾಗಿತ್ತು. ಅವಳಿಗೆ ಆಗಷ್ಟೇ ಒಂದು ಸಂಬಂಧದ ಮಾತು ನಡೆಯುತ್ತಿತ್ತು. ಎರಡು ದಿನಕ್ಕೆ ಆ ಮನೆಯಿಂದ 'ಈಗ ಬೇಡ' ಎಂದು ಸುದ್ದಿ ಬಂತು.

ಹೋದರೆ ಹೋಗಲಿ, ಅಂಥ ಮನೆ ತಪ್ಪಿದ್ದೇ ಒಳ್ಳೆಯದಾಯಿತು ಎಂದು ನಾನು ಅಕ್ಕನಿಗೆ ಹೇಳಿದೆ. ಆದರೆ ಮುಂದಿನ ಹದಿನೈದು ದಿನ ಮನೆಗೆ ಬಂದುಹೋದವರೆಲ್ಲ ಹುಡುಗಿಯನ್ನು ಕೇಳಿದ್ದು ಒಂದೇ: 'ನೀನು ಯಾಕೆ ಕುಣಿದೆ?' ತೆಗೆದದ್ದು ಯಾರು, ಹಾಕಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ನಾನೇ ವಿಚಾರಿಸಿಕೊಂಡು ಆ ಹುಡುಗಿಗೆ ಫೋನ್ ಮಾಡಿದೆ. ಒಳ್ಳೆಯ ಹುಡುಗಿಯೇ. 'ಚೆನ್ನಾಗಿ ಬಂದಿತ್ತು ಆಂಟಿ, ಅದಕ್ಕೇ ಹಾಕಿದೆ' ಎಂದಳು. ಅವಳನ್ನು ಕೇಳಿದ್ದೆಯಾ ಎಂದರೆ, ಪ್ರಶ್ನೆಯೇ ಅರ್ಥವಾಗದಂತೆ ಸುಮ್ಮನಾದಳು. ನನ್ನ ಅಕ್ಕನ ಮಗಳು ಆಮೇಲೆ ಯಾವ ಮದುವೆಗೂ ಬಂದಿಲ್ಲ. 'ಖಾಲಾ, ನೀವು ಹೋಗಿ ಬನ್ನಿ' ಎನ್ನುತ್ತಾಳೆ.

ನಾನು ಚಿಕ್ಕವಳಿದ್ದಾಗ ನಮ್ಮ ಮೊಹಲ್ಲಾದ ಮನೆಗಳು ಒಂದಕ್ಕೊಂದು ಗೋಡೆ ತಾಗಿಸಿಕೊಂಡಿದ್ದವು. ಒಬ್ಬರ ಮಾಳಿಗೆ ಹತ್ತಿದರೆ ನಾಲ್ಕು ಮನೆಯ ಅಂಗಳ ಕಾಣುತ್ತಿತ್ತು. ಮಳೆಗಾಲಕ್ಕೆ ಮುಂಚೆ ಹೆಂಚು ಸರಿಪಡಿಸಲು ಬರುತ್ತಿದ್ದವನು ಏಣಿಯ ಮೊದಲ ಮೆಟ್ಟಿಲಲ್ಲೇ ನಿಂತು 'ಪರ್ದಾ ಕರೋ' ಎಂದು ಕೂಗುತ್ತಿದ್ದ. ಅವನು ಮುಸ್ಲಿಮನೂ ಅಲ್ಲ. ಅಂಗಳದಲ್ಲಿ ತಲೆ ಸ್ನಾನ ಮಾಡಿ ಕೂದಲು ಒಣಗಿಸುತ್ತಿದ್ದವರು ಒಳಗೆ ಹೋಗುವಷ್ಟು ಹೊತ್ತು ಕಾದು ಆಮೇಲೆ ಮೇಲೇರುತ್ತಿದ್ದ. ನನಗೆ ಕಣ್ಣಿದೆ, ಅದು ನಿಮ್ಮ ಕಡೆ ತಿರುಗಲಿದೆ ಎಂದು ಮೊದಲೇ ತಿಳಿಸುವ ಮರ್ಯಾದೆ ಅದು. ಉರ್ದುವಿನಲ್ಲಿ ನೋಟಕ್ಕೂ ದೃಷ್ಟಿ ತಾಗುವುದಕ್ಕೂ 'ನಜರ್' ಎಂಬ ಒಂದೇ ಪದ. ಆ ಭಾಷೆ ಕಟ್ಟಿದವರಿಗೆ ನೋಟದ ಹಾನಿ ಗೊತ್ತಿತ್ತು ಎಂದು ನನಗೆ ಬಹಳ ಸಲ ಅನಿಸಿದೆ.

ಯಂತ್ರಕ್ಕೂ ಈ ಮರ್ಯಾದೆ ಕಲಿಸಬಹುದು. ದಕ್ಷಿಣ ಕೊರಿಯಾ ಮತ್ತು ಜಪಾನಿನಲ್ಲಿ ಮಾರುವ ಫೋನುಗಳಲ್ಲಿ ಫೋಟೋ ತೆಗೆದರೆ 'ಕ್ಲಿಕ್' ಎಂಬ ಸದ್ದು ಬರಲೇಬೇಕು. ಗುಟ್ಟಾಗಿ ಹೆಂಗಸರ ಚಿತ್ರ ತೆಗೆಯುವವರ ಹಾವಳಿಯಿಂದ ಬಂದ ಕ್ರಮ ಇದು. ಕೊರಿಯಾದಲ್ಲಿ 2004ರಿಂದಲೂ ಇದೆ. ಅದರಿಂದ ಹಾವಳಿ ನಿಂತಿತೇ ಎಂದರೆ ನಿಂತಿಲ್ಲ. ಆದರೂ ಅಲ್ಲಿ ಯಂತ್ರವೇ ಒಮ್ಮೆ 'ಪರ್ದಾ ಕರೋ' ಎನ್ನುತ್ತದೆ. ನಮ್ಮಲ್ಲಿ ಸದ್ದು ಅಡಗಿಸಿದ ಫೋನು, ದೀಪ ಅಡಗಿಸಿದ ಕನ್ನಡಕ.

ಇದು ಮದುವೆ ಮನೆಯ ಸಣ್ಣ ಜಗಳ ಎಂದು ಯಾರಾದರೂ ನಕ್ಕರೆ ಅವರಿಗೆ 2021ರ ಜುಲೈಯನ್ನು ನೆನಪಿಸುತ್ತೇನೆ. 'ಸುಲ್ಲಿ ಡೀಲ್ಸ್' ಎಂಬ ಆ್ಯಪ್ ಮಾಡಿ, ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಅವರದೇ ಖಾತೆಗಳಿಂದ ಎತ್ತಿ ಹರಾಜಿಗಿಟ್ಟರು. 2022ರ ಜನವರಿ 1ರಂದು 'ಬುಲ್ಲಿ ಬಾಯಿ' ಎಂಬ ಇನ್ನೊಂದು ಬಂತು. ಪತ್ರಕರ್ತೆಯರು, ಹೋರಾಟಗಾರ್ತಿಯರು, ವಿದ್ಯಾರ್ಥಿನಿಯರು, ಕಾಣೆಯಾದ ಮಗನಿಗಾಗಿ ಬೀದಿಗಿಳಿದ ತಾಯಿ ಕೂಡ ಆ ಪಟ್ಟಿಯಲ್ಲಿದ್ದರು. ಬಂಧಿತರಲ್ಲಿ ಬೆಂಗಳೂರಿನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ಇಪ್ಪತ್ತರ ಆಸುಪಾಸಿನ ಮಕ್ಕಳು, ಮನೆಯಲ್ಲಿ ಕೂತು, ಉಚಿತವಾಗಿ ಸಿಗುವ ಸಲಕರಣೆಗಳಿಂದ ಮಾಡಿದ ಕೆಲಸ ಅದು. ಈಗ ಅಷ್ಟು ಶ್ರಮವೂ ಬೇಡ. 2026ರ ಆರಂಭದಲ್ಲಿ 'ಎಕ್ಸ್' ಜಾಲತಾಣದ ಗ್ರೋಕ್ ಎಂಬ ಕೃತಕ ಬುದ್ಧಿಮತ್ತೆಯ ಸೇವೆಗೆ ಒಂದು ಸಾಲಿನ ಆಜ್ಞೆ ಕೊಟ್ಟು ಹೆಂಗಸರ ಚಿತ್ರಗಳ ಬಟ್ಟೆ ಕಳಚಿಸಿದರು. ಕೇಂದ್ರ ಸರ್ಕಾರ ಕಂಪೆನಿಗೆ ನೋಟಿಸು ಕೊಡಬೇಕಾಯಿತು. ಹಿಂದೂ, ಮುಸ್ಲಿಮ್ ಎಂಬ ಭೇದವನ್ನು ಆ ಸೇವೆ ಮಾಡಲಿಲ್ಲ.

ಇಂಥದು ನಡೆದಾಗಲೆಲ್ಲ ನಮ್ಮ ಕೆಲವು ಉಪದೇಶಕರು ಥಟ್ಟನೆ ಕೊಡುವ ಪರಿಹಾರವೊಂದಿದೆ: ಹೆಣ್ಣುಮಕ್ಕಳು ಫೋಟೋ ಹಾಕಬಾರದು, ಹುಡುಗಿಯರ ಕೈಗೆ ಫೋನ್ ಕೊಡಬಾರದು. ಕಳ್ಳತನವಾದರೆ ಮನೆಯವರನ್ನೇ ಠಾಣೆಯಲ್ಲಿ ಕೂರಿಸುವ ನ್ಯಾಯ ಇದು. ಕುರ್‌ಆನಿನ ಅನ್ನೂರ್ ಅಧ್ಯಾಯವನ್ನು ಅವರು ನನಗಿಂತ ಹೆಚ್ಚು ಸಲ ಓದಿರುತ್ತಾರೆ. ದೃಷ್ಟಿ ತಗ್ಗಿಸಬೇಕೆಂಬ ಆದೇಶ ಅಲ್ಲಿ 30ನೇ ವಚನದಲ್ಲಿ ಮೊದಲು ಗಂಡಸರಿಗೆ ಬರುತ್ತದೆ, ಹೆಂಗಸರ ಸರದಿ 31ರಲ್ಲಿ. ಅದಕ್ಕೂ ಮೊದಲು, 27ರಲ್ಲಿ, ಅನುಮತಿ ಕೇಳದೆ ಇನ್ನೊಬ್ಬರ ಮನೆ ಹೊಗಬೇಡಿ ಎಂದಿದೆ. ಈ ಅನುಮತಿಯ ನಿಯಮ ಇರುವುದೇ ಕಣ್ಣಿನ ಕಾರಣಕ್ಕೆ ಎಂದು ಪ್ರವಾದಿಯವರು ವಿವರಿಸಿದ್ದು ಹದೀಸಿನಲ್ಲಿದೆ. ಜುಮಾ ಪ್ರವಚನಗಳಲ್ಲಿ 31ನೇ ವಚನವನ್ನು ಕೇಳಿ ಕೇಳಿ ನಮಗೆ ಬಾಯಿಪಾಠವಾಗಿದೆ. 27 ಮತ್ತು 30ರ ಮೇಲೆ, ಕೈಯಲ್ಲಿ ಫೋನ್ ಹಿಡಿದು ಮುಂದೆ ಕೂತಿರುವ ಯುವಕರಿಗೆ, ಒಂದು ಶುಕ್ರವಾರ ಮಾತನಾಡಬಾರದೇ?

ಏಕೆಂದರೆ ತಪ್ಪು ಹೊರಗಿನವರದು ಮಾತ್ರವಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್‌ನಲ್ಲಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ಟಿವಿ ಕ್ಯಾಮೆರಾದಲ್ಲಿ ದೇಶವೇ ನೋಡಿತು. ನಾವೂ ಖಂಡಿಸಿದೆವು, ಪತ್ರಿಕೆಗಳಿಗೆ ಬರೆದೆವು. ಅಷ್ಟೆಲ್ಲ ದೃಶ್ಯವಿದ್ದೂ 2018ರಲ್ಲಿ ಸಾಕ್ಷ್ಯ ಸಾಲದೆಂದು ಆರೋಪಿಗಳು ಬಿಡುಗಡೆಯಾದರು, ಅದು ಬೇರೆ ಮಾತು. 2024ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ಲಿನ ವಸತಿಗೃಹವೊಂದಕ್ಕೆ ನುಗ್ಗಿದವರು ಯಾರು? ಮುಸ್ಲಿಮ್ ಮಹಿಳೆಯೊಬ್ಬಳು ಅನ್ಯಧರ್ಮೀಯನ ಜೊತೆಗಿದ್ದಾಳೆಂದು ಹೊಡೆದು, ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹರಿಯಬಿಟ್ಟರು. ತನ್ನ ಮೇಲೆ ಸಾಮೂಹಿಕ ಅತ್ಯಾಚಾರವೂ ನಡೆಯಿತೆಂದು ಆಕೆ ಹೇಳಿಕೆ ಕೊಟ್ಟಳು. 2025ರ ಮೇ ತಿಂಗಳಲ್ಲಿ ಏಳು ಆರೋಪಿಗಳು ಜಾಮೀನು ಸಿಕ್ಕಿ ಹೊರಬಂದಾಗ ಅಕ್ಕಿಆಲೂರಿನಲ್ಲಿ ಕಾರುಗಳ ಮೆರವಣಿಗೆ ನಡೆಯಿತು. ಅದೂ ವಿಡಿಯೋ ಆಯಿತು! ಅತ್ಯಾಚಾರದ ಆರೋಪವನ್ನು ನ್ಯಾಯಾಲಯ ತೀರ್ಮಾನಿಸಲಿ. ಮೆರವಣಿಗೆಯ ಬಗ್ಗೆ ನಾವು ತೀರ್ಮಾನಿಸಲು ಯಾವ ನ್ಯಾಯಾಲಯವೂ ಬೇಕಿಲ್ಲ. ನಾಲ್ವರು ಸಾಕ್ಷಿಗಳಿಲ್ಲದೆ ಹೆಣ್ಣಿನ ಮೇಲೆ ಅಪವಾದ ಹೊರಿಸುವವನಿಗೇ ಶಿಕ್ಷೆ ಎಂದು ಅದೇ ಅನ್ನೂರ್ ಅಧ್ಯಾಯ ಹೇಳುತ್ತದೆ. ಬುರ್ಖಾ ತೊಟ್ಟ ಹುಡುಗಿಯನ್ನು ಪಾರ್ಕಿನಲ್ಲಿ, ಬೈಕಿನ ಮೇಲೆ ಕಂಡೊಡನೆ ಫೋನ್ ಎತ್ತುವ ಮೊಹಲ್ಲಾದ ಹುಡುಗರಿಗೆ ತಾವು ಧರ್ಮರಕ್ಷಕರೆಂಬ ಭ್ರಮೆ. ಪಬ್ಬಿಗೆ ನುಗ್ಗಿದವರ ಭ್ರಮೆಯೂ ಅದೇ ಆಗಿತ್ತು.

ಕ್ಯಾಮೆರಾವನ್ನೇ ಬೇಡವೆನ್ನುವಷ್ಟು ಮೂರ್ಖಳು ನಾನಲ್ಲ. 2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್‌ನ ಕತ್ತಿನ ಮೇಲೆ ಮಂಡಿಯೂರಿದ್ದನ್ನು 17 ವರ್ಷದ ಹುಡುಗಿ ಫೋನಿನಲ್ಲಿ ಹಿಡಿಯದಿದ್ದರೆ ಆ ಸಾವು ಮುಚ್ಚಿಹೋಗುತ್ತಿತ್ತು. ಕಣ್ಣು ಕಾಣದವರಿಗೆ ಎದುರಿನ ಬೋರ್ಡನ್ನು ಓದಿ ಹೇಳುವ ಕೆಲಸಕ್ಕೂ ಇದೇ ಕನ್ನಡಕ ಬರುತ್ತದೆ. ಸರಿ. ಆದರೆ ಆ ಹುಡುಗಿ ಕ್ಯಾಮೆರಾ ಹಿಡಿದದ್ದು ಅಧಿಕಾರದ ಎದುರು. 2025ರಲ್ಲಿ ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ, ಚರ್ಚ್ ಸ್ಟ್ರೀಟಿನಲ್ಲಿ ತಮ್ಮ ಪಾಡಿಗೆ ಓಡಾಡುತ್ತಿದ್ದ ಹೆಂಗಸರನ್ನು ಗುಟ್ಟಾಗಿ ಹಿಡಿದು ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಯುವಕರು ಯಾವ ಅನ್ಯಾಯ ಬಯಲಿಗೆಳೆಯುತ್ತಿದ್ದರು? ಪೊಲೀಸರು ಅವರನ್ನು ಬಂಧಿಸಿದರು, ನಿಜ. ಆದರೆ ಅಷ್ಟರಲ್ಲಿ ಚರ್ಚ್ ಸ್ಟ್ರೀಟಿನ ಆ ಹುಡುಗಿಗೆ ಅಶ್ಲೀಲ ಸಂದೇಶಗಳು ಬಂದಾಗಿತ್ತು.

'ಸಾರ್ವಜನಿಕ ಸ್ಥಳದಲ್ಲಿ ತೆಗೆದರೆ ತಪ್ಪೇನು?' ಎಂದು ವಾದಿಸುವವರಿದ್ದಾರೆ. ಕಾನೂನು ಅವರಿಗೆ ಸಾಕಷ್ಟು ಜಾಗ ಬಿಟ್ಟಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿದ್ದವರು. ಆ ಬಳಿಕ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಾದರೋ ವೈಯಕ್ತಿಕ, ಗೃಹಬಳಕೆಯ ಉದ್ದೇಶವನ್ನು ಹೊರಗಿಟ್ಟಿದೆ, ತಾವಾಗಿ ಬಹಿರಂಗಪಡಿಸಿದ ಮಾಹಿತಿಯನ್ನೂ ಹೊರಗಿಟ್ಟಿದೆ. ಸುಲ್ಲಿ ಡೀಲ್ಸ್‌ಗೆ ಎತ್ತಿದ್ದು ಬಹಿರಂಗ ಖಾತೆಗಳ ಚಿತ್ರಗಳನ್ನೇ ಅಲ್ಲವೇ?

ಕಂಪೆನಿಗಳಿಗೆ ದಾರಿ ಗೊತ್ತಿಲ್ಲದೆ ಇಲ್ಲ. 2017ರಲ್ಲಿ ಇದೇ ಫೇಸ್‌ಬುಕ್ ಭಾರತದ ಹೆಂಗಸರ ಅಂಜಿಕೆಯನ್ನು ಕೇಳಿ ಪ್ರೊಫೈಲ್ ಚಿತ್ರಕ್ಕೆ ಕಾವಲು ಹಾಕುವ ಸೌಲಭ್ಯವನ್ನು ಮೊದಲು ಇಲ್ಲೇ ತಂದಿತು. ಒಮ್ಮೆ ಮಾತ್ರ ನೋಡಬಹುದಾದ ಫೋಟೋವನ್ನು 2021ರಲ್ಲಿ ವಾಟ್ಸಾಪ್ ತಂದಿತು. ಅನುಮತಿ ಎಂದರೇನೆಂದು ಬಲ್ಲವರೇ ಎಂಟು ವರ್ಷದ ಮೇಲೆ ಗುಟ್ಟಾಗಿ ಹಿಡಿಯುವ ಕನ್ನಡಕವನ್ನು ಅದೇ ದೇಶದಲ್ಲಿ ಮಾರಲು ನಿಂತಿದ್ದಾರೆ.

ಅವರು ಮಾರಲಿ. ನಮ್ಮ ಮನೆಯ ಬಾಗಿಲು ನಮ್ಮದು. ಮದುವೆ ಕಾಗದದಲ್ಲಿ 'ಉಡುಗೊರೆ ಸ್ವೀಕರಿಸುವುದಿಲ್ಲ' ಎಂದು ಅಚ್ಚು ಹಾಕಿಸುವ ನಾವು 'ಹೆಂಗಸರ ಭಾಗದಲ್ಲಿ ಫೋನ್ ಬೇಡ' ಎಂದು ಇನ್ನೊಂದು ಸಾಲು ಹಾಕಿಸಬಹುದು. ಶಾದಿ ಮಹಲಿನ ಬಾಡಿಗೆ, ಊಟದ ಬಗೆಗಳ ಬಗ್ಗೆ ನಿಯಮ ಮಾಡುವ ಜಮಾಅತ್ ಕಮಿಟಿಗಳು ಇದರ ಬಗ್ಗೆಯೂ ಒಂದು ನಿಯಮ ಮಾಡಬಹುದು. ಆ ಕಮಿಟಿಯಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ ಎಂಬುದನ್ನು ಇನ್ನೊಮ್ಮೆ ಬರೆಯುತ್ತೇನೆ. ಬರುವ ತಿಂಗಳು ನಮ್ಮ ಬಂಧುಗಳಲ್ಲಿ ಮತ್ತೊಂದು ಮದುವೆಯಿದೆ. ಬಾಗಿಲಲ್ಲಿ ಒಂದು ಬುಟ್ಟಿಯಿಟ್ಟು ಫೋನುಗಳನ್ನು ಅದರಲ್ಲಿ ಇಡಿಸೋಣವೆಂದು ಹೇಳಿದ್ದೇನೆ. ಭಾಭಿ ಒಪ್ಪಿದ್ದಾರೆ, ಹುಡುಗನ ಕಡೆಯವರು ಇನ್ನೂ ಉತ್ತರಿಸಿಲ್ಲ. ಅಕ್ಕನ ಮಗಳಿಗೆ ತಿಳಿಸಿದೆ. 'ಬುಟ್ಟಿ ಇಡುವುದು ನಿಜವಾದರೆ ಹೇಳಿ ಖಾಲಾ' ಎಂದಿದ್ದಾಳೆ.