ಸೀನಿನ ಹಿಂದಿರುವ ಬಾಗಿಲುಗಳು

ಬನಶಂಕರಿ ಬಡಾವಣೆಯ ವಾಚಕಿಯೊಬ್ಬರು ಪತ್ರ ಬರೆದು ಕೇಳಿದ್ದಾರೆ: "ಮಳೆಗಾಲ ಬಂತೆಂದರೆ ನಮ್ಮ ಮಗನಿಗೆ ಬೆಳಗಿನ ಹೊತ್ತು ಒಂದೇ ಸಮನೆ ಸೀನು, ಮೂಗಿನಲ್ಲಿ ನೀರು. ಪಕ್ಕದ ಖಾಲಿ ನಿವೇಶನದ ತುಂಬ ಕಾಂಗ್ರೆಸ್ ಗಿಡ. ಅದೇ ಗಾಳಿ ಕುಡಿಯುವ ನಮಗೆ ಏನೂ ಆಗದು, ಅವನಿಗೇಕೆ? ಮಾತ್ರೆ ನುಂಗಿದರೂ ಸೀನು ಕೂಡಲೇ ನಿಲ್ಲದೇಕೆ?"

ಸೋದರಿಯ ಸಂಶಯ ನಿರಾಧಾರವಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಪಾರ್ಥೇನಿಯಂ ಕಳೆಯ ಪರಾಗವು ಮೂಗಿನ ಅಲರ್ಜಿಗೆ ಕಾರಣವೆಂಬುದನ್ನು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ತೋರಿಸಿದ್ದಾರೆ. (ಈ ಗಿಡ ತಾಕಿ ಚರ್ಮದಲ್ಲೇಳುವ ತುರಿಕೆಯ ಬಗೆ ಬೇರೆ, ಅದನ್ನು ಇನ್ನೊಮ್ಮೆ ನೋಡೋಣ.)

ನಮ್ಮ ಮೂಗಿನ ಒಳಪದರದಲ್ಲಿ, ಚರ್ಮದಲ್ಲಿ, ಕರುಳಿನಲ್ಲಿ ಮಾಸ್ಟ್ ಕೋಶಗಳೆಂಬವು ನೆಲೆಸಿವೆ. 1878ರಲ್ಲಿ ಇವಕ್ಕೆ ಹೆಸರಿಟ್ಟವರು ಜರ್ಮನಿಯ ಪಾಲ್ ಎರ್ಲಿಕ್. ಪ್ರತಿ ಕೋಶದೊಳಗೂ ಹಿಸ್ಟಮೈನ್ ತುಂಬಿದ ನೂರಾರು ಕಣಗಳುಂಟು. ಕೋಶದ ಹೊರಮೈಯಲ್ಲಿ ಗ್ರಾಹಕಗಳಿವೆ. ಗ್ರಾಹಕವೆಂದರೆ ಅಂಗಡಿಗೆ ಬರುವವರಲ್ಲ. ಹೊರಗಿನ ಸುದ್ದಿಯನ್ನು ಒಳಗೆ ಮುಟ್ಟಿಸುವ ಅಣುಗಳು. ಇಷಿಜಾಕಾ ದಂಪತಿಗಳು 1966ರಲ್ಲಿ ಕಂಡುಹಿಡಿದ ಐಜಿಇ ಎಂಬ ಪ್ರತಿಕಾಯವು ಈ ಗ್ರಾಹಕಗಳನ್ನು ಹಿಡಿದು ತಿಂಗಳುಗಟ್ಟಲೆ ಕಾಯುತ್ತಿರಬಲ್ಲುದು. ಬರಿದೇ ಕುಳಿತಿದ್ದರೆ ತೊಂದರೆಯಿಲ್ಲ. ಪರಾಗದ ಒಂದು ಅಣು ಅಕ್ಕಪಕ್ಕದ ಎರಡು ಪ್ರತಿಕಾಯಗಳಿಗೆ ಒಮ್ಮೆಗೇ ಅಂಟಿ ಸೇತುವೆ ಕಟ್ಟಿದಾಗ ಗ್ರಾಹಕಗಳು ಒಗ್ಗೂಡುತ್ತವೆ. ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಕೆಲವೇ ನಿಮಿಷಗಳಲ್ಲಿ ಹಿಸ್ಟಮೈನ್ ಹೊರಚೆಲ್ಲುತ್ತದೆ. ಪರಾಗದ ವಿರುದ್ಧ ಐಜಿಇ ತಯಾರಿಸುವ ಪ್ರವೃತ್ತಿ ಎಲ್ಲರಿಗೂ ಸಮನಾಗಿ ಬಂದಿರುವುದಿಲ್ಲ. ಒಂದೇ ಮನೆಯಲ್ಲಿ ಮಗನು ಸೀನುವುದು, ತಾಯಿ ಸೀನದಿರುವುದು ಇದರಿಂದಲೇ.

ಆದರೆ ಕೋಶಕ್ಕೆ ತಡೆಯೊಡ್ಡುವ ಗ್ರಾಹಕಗಳೂ ಇವೆ, ಜನರಿಗೆ ತಿಳಿಯದ ಸಂಗತಿ ಇದು. ಐಜಿಜಿ ಎಂಬ ಬೇರೊಂದು ಪ್ರತಿಕಾಯವನ್ನು ಹಿಡಿಯುವ ಗ್ರಾಹಕವು ಅದೇ ಪರಾಗದ ಮೂಲಕ ಐಜಿಇ ಗ್ರಾಹಕದೊಡನೆ ಜೋಡಿಯಾದರೆ ಒಳಗಿನ ಸಂಕೇತ ತಗ್ಗುತ್ತದೆ. ವರ್ಷಗಟ್ಟಲೆ ಅಲರ್ಜಿ ಚುಚ್ಚುಮದ್ದು ಕೊಡುವಾಗ ಐಜಿಜಿ ಹೆಚ್ಚುವುದೂ ಅದರ ಫಲಕ್ಕೆ ಒಂದು ಕಾರಣ. ಅಡ್ರಿನಲಿನ್‌ಗೂ ಈ ಕೋಶದ ಮೇಲೆ ಗ್ರಾಹಕವಿದೆ. ಅದು ಕೂಡಿದಾಗ ಹಿಸ್ಟಮೈನ್ ಬಿಡುಗಡೆ ಕುಗ್ಗುತ್ತದೆ.

ಇನ್ನು ಮಾತ್ರೆಯ ವಿಷಯ. ಸೆಟಿರಿಜಿನ್‌ನಂಥ ಮಾತ್ರೆಗಳ ಮುಖ್ಯ ಕೆಲಸ ಹಿಸ್ಟಮೈನ್ ಹೊರಬರುವುದನ್ನು ನಿಲ್ಲಿಸುವುದಲ್ಲ. ಹೊರಬಂದ ಹಿಸ್ಟಮೈನ್ ಹೋಗಿ ಕೂರುವ, ರಕ್ತನಾಳ ಮತ್ತು ನರಗಳ ಮೇಲಿನ ಎಚ್1 ಗ್ರಾಹಕಗಳನ್ನು ಅವು ಹಿಡಿದಿಡುತ್ತವೆ. ಆದ್ದರಿಂದ ಸೀನು ಹತ್ತಿದ ಮೇಲೆ ನುಂಗುವುದಕ್ಕಿಂತ, ವೈದ್ಯರು ಹೇಳಿದಂತೆ ಮೊದಲೇ ತೆಗೆದುಕೊಳ್ಳುವುದು ಲೇಸು. ಮೂಗು ಕಟ್ಟುವುದರಲ್ಲಿ ಇತರ ರಾಸಾಯನಿಕಗಳ ಪಾಲೂ ಇರುವುದರಿಂದ ಮಾತ್ರೆಯೊಂದೇ ಸಾಲದೆ ಹೋಗಬಹುದು. ಆಗ ಮೂಗಿಗೆ ಸಿಂಪಡಿಸುವ ಸ್ಟಿರಾಯ್ಡ್ ಔಷಧಿಯನ್ನು ವೈದ್ಯರು ಸೂಚಿಸುತ್ತಾರೆ. ಹೆಸರು ಕೇಳಿ ತಾಯಂದಿರು ಹೆದರಬೇಕಾಗಿಲ್ಲ.

ಹೆದರಬೇಕಾದ ಸಂದರ್ಭವೇ ಬೇರೆ. ಕಡಲೆಕಾಯಿ ತಿಂದೋ ಜೇನುಹುಳು ಕಚ್ಚಿಯೋ ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ತಲೆ ತಿರುಗಿದರೆ ಮಾತ್ರೆ ನುಂಗಿಸಿ ಕಾಯುತ್ತ ಕೂರಬಾರದು. ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಅಲ್ಲಿ ಪ್ರಾಣ ಉಳಿಸುವುದು. ಮಲಗಿಸಿಕೊಂಡೇ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು, ಉಸಿರಾಟ ಕಷ್ಟವಿದ್ದರೆ ಮಾತ್ರ ಒರಗಿ ಕೂರಿಸಬಹುದು.

ಪಕ್ಕದ ನಿವೇಶನದ ಗಿಡಗಳನ್ನು ಹೂ ಬಿಡುವ ಮೊದಲೇ, ಕೈಗವಸು ತೊಟ್ಟು, ಬೇರುಸಹಿತ ಕೀಳಿಸಿರಿ. ಮೆಕ್ಸಿಕೋದಿಂದ ತರಿಸಿದ ದುಂಬಿಗಳನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಗಿತ್ತು. ಅವು ಎಲೆಗಳನ್ನೇನೋ ತಿನ್ನುತ್ತಿವೆ, ಗಿಡ ಮಾತ್ರ ತೀರಿಲ್ಲ. ಕೀಳುವ ಕೆಲಸಕ್ಕೆ ಮಗನನ್ನು ಕಳುಹಿಸಬೇಡಿರಿ.