ಹೆಬ್ಬೆರಳು ವಾಪಸ್ ಕೊಡಿ

1895ರಲ್ಲಿ ಜರ್ಮನಿಯ ರಾಂಟ್ಜನ್ ತನ್ನ ಹೆಂಡತಿಯ ಕೈಯೊಳಗಿನ ಮೂಳೆಗಳನ್ನು ಎಕ್ಸ್‌ರೇಯಲ್ಲಿ ಹಿಡಿದು ತೋರಿಸಿದ. ಪೇಟೆಂಟ್ ಮಾಡಿಸಿಕೊಳ್ಳದೆ ಲೋಕಕ್ಕೇ ಬಿಟ್ಟುಕೊಟ್ಟ. ಆ ವಿದ್ಯೆ ಎಲ್ಲರ ಕೈಗೂ ಬಂತೇ?

ಆಲೆಮನೆಯ ಗಾಣಕ್ಕೆ, ಮೇವು ಕತ್ತರಿಸುವ ಯಂತ್ರಕ್ಕೆ ಬೆರಳು ಕೊಡುವವರು ಯಾರು? ನಾವು. ಹೆಬ್ಬೆರಳು ಹೋದರೆ ಕೈಯ ಅರ್ಧ ಕಸುವೇ ಹೋದಂತೆ. ಕುಡುಗೋಲೂ ಹಿಡಿಯಂಗಿಲ್ಲ, ಪೆನ್ನೂ ಹಿಡಿಯಂಗಿಲ್ಲ.

ಇವತ್ತು ಕಾಲ್ಬೆರಳು ತೆಗೆದು ಕೈಗೆ ಹೆಬ್ಬೆರಳಾಗಿ ಕೂಡಿಸುತ್ತಾರೆ. ಕತ್ತಿ ಇಡುವ ಮೊದಲೇ ಎಕ್ಸ್‌ರೇಯಲ್ಲಿ ಉಳಿದ ಮೂಳೆ ಅಳೆಯುತ್ತಾರೆ. ನರಕ್ಕೆ ಔಷಧಿ ಬಿಟ್ಟು ಸಿ.ಟಿ. ಆಂಜಿಯೋಗ್ರಾಮ್ ತೆಗೆದು, ಕಾಲ್ಬೆರಳಿಗೆ ನೆತ್ತರು ಒಯ್ಯುವ ನಾಳ ಯಾವುದು, ಕೈಯಲ್ಲಿ ಅದನ್ನು ಯಾವುದಕ್ಕೆ ಹೊಲಿಯಬೇಕು ಎಂದು ಗುರುತಿಸಿಕೊಳ್ಳುತ್ತಾರೆ. ಇದು ಪವಾಡವಲ್ಲ, ಲೆಕ್ಕಾಚಾರ.

ನಮ್ಮವರಿಗೆ ಸಿಗುವುದೇನು? ಮೊಂಡು ಹೊಲಿದು, ಪಟ್ಟಿ ಕಟ್ಟಿ, ‘ಕೂಲಿಯವನಿಗೆ ಇಷ್ಟು ಸಾಕು ಹೋಗಯ್ಯ’ ಅನ್ನುವ ಮಾತು.

ಏಕಲವ್ಯನ ಹೆಬ್ಬೆರಳನ್ನು ಗುರುದಕ್ಷಿಣೆಯೆಂದು ಕತ್ತರಿಸಿಕೊಂಡರು. ನಮ್ಮ ಅಜ್ಜಂದಿರ ಹೆಬ್ಬೆಟ್ಟನ್ನು ಸಾಲದ ಪತ್ರಕ್ಕೆ ಒತ್ತಿಸಿಕೊಂಡರು. ಈಗ ಹೋದ ಹೆಬ್ಬೆರಳು ಕಟ್ಟುವ ವಿದ್ಯೆ ಬಂದರೆ, ಅದೂ ದುಡ್ಡಿದ್ದವರ ಬಾಗಿಲೊಳಗೇ ಕೂತಿದೆ.

ನಾವು ಕೇಳುತ್ತಿರುವುದು ದಾನವಲ್ಲ. ಸ್ಕ್ಯಾನ್ ಚಿತ್ರ ನೋಡಿ ಬೆರಳು ಕಟ್ಟಬಲ್ಲ ಸರ್ಜನ್ ಸರ್ಕಾರಿ ಆಸ್ಪತ್ರೆಯಲ್ಲೇ ಬೇಕು. ದುಡಿದ ಕೈ ಕೇಳುತ್ತಿದೆ: ನಮ್ಮ ಹೆಬ್ಬೆರಳು ವಾಪಸ್ ಕೊಡಿ!